ಒಂದು ಕಡಲಿಗೆ ಇಬ್ಬರು ಕಾವಲುಗಾರರು



ಇವತ್ತು ಹೇಳಹೊರಟಿರುವುದು ಹೊಲಗದ್ದೆಯ ಮಾತಲ್ಲ, ಕಡಲಿನ ಮಾತು. ಅದೂ ನಮ್ಮ ಮಂಗಳೂರು, ಮಲ್ಪೆ, ಕಾರವಾರದ ಕಡಲಲ್ಲ. ಸಾವಿರಾರು ಮೈಲಿ ಆಚೆ, ಯೂರೋಪು ಖಂಡದ ಪಡುವಣಕ್ಕೆ ಹರಡಿರುವ ಅಟ್ಲಾಂಟಿಕ್ ಮಹಾಸಾಗರದ ಕಥೆ. "ನಮ್ಮ ಬಾವಿಯಲ್ಲೇ ನೀರಿಲ್ಲ, ನಮಗ್ಯಾಕಪ್ಪಾ ಆ ಕಡಲಿನ ಉಸಾಬರಿ?" ಅಂತ ನೀವು ಕೇಳಬಹುದು. ಕೇಳಿದರೆ ತಪ್ಪೇನಿಲ್ಲ. ಆದರೆ ಸ್ವಲ್ಪ ತಾಳ್ಮೆಯಿಂದ ಕೇಳಿ. ಈ ಕಥೆ ಮುಗಿಯುವ ಹೊತ್ತಿಗೆ ನಿಮ್ಮೂರ ಕೆರೆಯೇ ನಿಮ್ಮ ಕಣ್ಣೆದುರಿಗೆ ಬಂದೀತು.

ಮೊದಲು ಆ ಕೆರೆಯ ಮಾತನ್ನೇ ಆಡೋಣ. ಒಂದು ಊರಿನ ಕೆರೆ. ತೂಬು ಎತ್ತಿ ಗದ್ದೆಗೆ ನೀರು ಬಿಡುವ ಕೆಲಸ ನೀರುಗಂಟಿಯದು. ಹರಾಜಿನಲ್ಲಿ ಕೂಗಿ ಕೆರೆಯ ಮೀನನ್ನು ಹಿಡಿದವನು ಬೇರೊಬ್ಬ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ ಅಂತ ಇಟ್ಟುಕೊಳ್ಳಿ. ಏನಾಗುತ್ತದೆ? ಮೀನಿನವನು ನೀರು ಯಾವಾಗ ಇಳಿದೀತು ಎಂದು ಕಾಯುತ್ತಾನೆ. ನೀರುಗಂಟಿ ಮರಿಮೀನಿನ ಯೋಚನೆಯಿಲ್ಲದೆ ಕೆರೆ ಬರಿದುಮಾಡುತ್ತಾನೆ. ಮೇಲಿನ ಹೊಲಗಳಿಗೆ ಹೊಡೆದ ಔಷಧಿ ಮಳೆಯಲ್ಲಿ ತೊಳೆದು ಬಂದು ಕೆರೆಗೆ ಬಿದ್ದರೆ, "ಅದು ನನ್ನ ಬಾಬತ್ತಲ್ಲ" ಅಂತ ಇಬ್ಬರೂ ಸುಮ್ಮನಿರುತ್ತಾರೆ. ಕೆರೆ ಒಂದೇ, ಕೆಟ್ಟರೆ ಇಬ್ಬರಿಗೂ ಕೆಡುತ್ತದೆ, ಊರಿಗೂ ಕೆಡುತ್ತದೆ.

ಅಟ್ಲಾಂಟಿಕ್ ಕಡಲಿನ ಈಶಾನ್ಯ ಭಾಗದಲ್ಲಿ ನಡೆದದ್ದೂ ಇದೇ. ಅಲ್ಲಿಯೂ ಇಬ್ಬರು ಕಾವಲುಗಾರರು. ಒಬ್ಬರು ಮೀನಿಗೆ, ಇನ್ನೊಬ್ಬರು ನೀರಿಗೂ ತಳಕ್ಕೂ. ಇಬ್ಬರ ಕಚೇರಿಯೂ ಲಂಡನ್ ಪಟ್ಟಣದಲ್ಲೇ. ಆದರೂ ಇಬ್ಬರೂ ಕೂತು ಮಾತಾಡುವುದಕ್ಕೆ ಬಹಳ ವರ್ಷ ಹಿಡಿಯಿತು. ಅದು ಹೇಗಾಯಿತು, ಕೊನೆಗೆ ಏನು ಫಲ ಬಂತು ಎಂಬುದೇ ಇವತ್ತಿನ ವಿಷಯ.

ಒಂದು ಕಾಲದಲ್ಲಿ ಕಡಲಿನ ಮೀನು ಮುಗಿಯುವುದೇ ಇಲ್ಲ ಎಂದು ದೊಡ್ಡ ದೊಡ್ಡ ಪಂಡಿತರೇ ನಂಬಿದ್ದರು. ೧೮೮೩ರಲ್ಲಿ ಲಂಡನ್ನಿನಲ್ಲಿ ಮೀನುಗಾರಿಕೆಯ ಒಂದು ಭಾರಿ ಪ್ರದರ್ಶನ ನಡೆಯಿತು. ಅಲ್ಲಿ ಥಾಮಸ್ ಹಕ್ಸ್‌ಲೀ ಎಂಬ ಹೆಸರಾಂತ ವಿಜ್ಞಾನಿ ಮಾತಾಡುತ್ತಾ, ಕಾಡ್, ಹೆರಿಂಗ್, ಬಂಗುಡೆಯಂಥ ಮೀನುಗಳನ್ನು ನಾವು ಎಷ್ಟು ಹಿಡಿದರೂ ಬಹುಶಃ ಮುಗಿಯಲಾರವು ಎಂಬ ಅಭಿಪ್ರಾಯ ಕೊಟ್ಟರು. ಆ ಹೊತ್ತಿನ ಬಲೆ, ಆ ಹೊತ್ತಿನ ದೋಣಿ ನೋಡಿದರೆ ಆ ಮಾತು ಅಷ್ಟೇನೂ ತಪ್ಪಲ್ಲ. ಆದರೆ ಅದೇ ಹತ್ತು ವರ್ಷಗಳಲ್ಲಿ ಹಾಯಿದೋಣಿಯ ಜಾಗಕ್ಕೆ ಉಗಿಯಂತ್ರದ ಹಡಗು ಬಂತು. ಅದು ಕಡಲ ತಳದ ಮೇಲೆ ಭಾರವಾದ ಟ್ರಾಲ್ ಬಲೆಯನ್ನು ಎಳೆದುಕೊಂಡು ಹೋಗುತ್ತಿತ್ತು. ಗಾಳಿಯ ಹಂಗಿಲ್ಲ, ಹಗಲು ರಾತ್ರಿಯೆಂಬ ಭೇದವಿಲ್ಲ. ಮೀನು ಕಡಿಮೆಯಾಗತೊಡಗಿತು.

೧೯೦೨ರಲ್ಲಿ ಎಂಟು ದೇಶಗಳು ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಸೇರಿ ಕಡಲಿನ ಪರಿಶೋಧನೆಗೆಂದು ಒಂದು ಅಂತರರಾಷ್ಟ್ರೀಯ ಮಂಡಲಿ ಕಟ್ಟಿದವು. ಯಾವ ಮೀನು ಎಲ್ಲಿ ಮೊಟ್ಟೆಯಿಡುತ್ತದೆ, ಎಷ್ಟು ವರ್ಷಕ್ಕೆ ಬಲಿಯುತ್ತದೆ, ಎಷ್ಟು ಉಳಿದಿದೆ ಎಂದು ಲೆಕ್ಕ ಹಾಕಿ ಹೇಳುವುದು ಇದರ ಕೆಲಸ. ಆ ಮಂಡಲಿ ಇಂದಿಗೂ ಇದೆ. ಮುಂದಿನ ಕಥೆಯಲ್ಲಿ ಮತ್ತೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಆಮೇಲೆ ಎರಡು ಮಹಾಯುದ್ಧಗಳು ಬಂದವು. ಕಡಲೆಲ್ಲ ಸಿಡಿಗುಂಡು, ಮೀನಿನ ಹಡಗುಗಳನ್ನು ಸರ್ಕಾರ ಯುದ್ಧದ ಕೆಲಸಕ್ಕೆ ಎಳೆದುಕೊಂಡಿತು. ಉತ್ತರ ಸಮುದ್ರದಲ್ಲಿ ಬಲೆ ಹಾಕುವವರು ಬಹಳ ಕಡಿಮೆಯಾದರು. ಯುದ್ಧ ಮುಗಿದು ಮತ್ತೆ ಬಲೆ ಹಾಕಿದಾಗ ಬೆಸ್ತರಿಗೇ ಆಶ್ಚರ್ಯ! ಬಲೆ ತುಂಬ ಮೀನು, ಅದೂ ದೊಡ್ಡ ದೊಡ್ಡ ಮೀನು. ಒಂದೆರಡು ಬೆಳೆ ಬೀಳುಬಿಟ್ಟ ಹೊಲ ಮೈತುಂಬಿಕೊಳ್ಳುವುದಿಲ್ಲವೇ, ಹಾಗೆ. ಎರಡೂ ಯುದ್ಧಗಳ ನಂತರ ಇದು ಕಂಡುಬಂತು. ಆದರೆ ಎರಡು ಸಲವೂ ಕೆಲವೇ ವರ್ಷಗಳಲ್ಲಿ ಜನ ಆ ಪಾಠ ಮರೆತರು.

ಈಗ ಹೆರಿಂಗ್ ಮೀನಿನ ಮಾತು ಹೇಳಬೇಕು. ಹೆರಿಂಗ್ ಎಂದರೆ ನಮ್ಮ ಬೂತಾಯಿಯ ಬಳಗದ್ದೇ ಮೀನು. ಗುಂಪುಗುಂಪಾಗಿ ಬರುತ್ತದೆ, ಎಣ್ಣೆಯಂಶ ಹೆಚ್ಚು, ಬಡವರ ಹೊಟ್ಟೆಗೆ ಆಧಾರ. ಐಸ್‌ಲ್ಯಾಂಡ್ ದ್ವೀಪದ ಉತ್ತರ ತೀರದಲ್ಲಿ ಸಿಗ್ಲುಫ್ಯೋರ್ದುರ್ ಎಂಬ ಊರಿದೆ. ಹೆರಿಂಗ್ ಬರುವ ಬೇಸಿಗೆಯಲ್ಲಿ ಆ ಊರಿನ ಹಡಗುಕಟ್ಟೆಯ ಮೇಲೆ ಹೆಂಗಸರು ಸಾಲಾಗಿ ನಿಂತು ಮೀನು ಸೀಳಿ, ಉಪ್ಪು ಹಾಕಿ, ಪೀಪಾಯಿಗೆ ತುಂಬುತ್ತಿದ್ದರು. ಹಡಗು ಬಂದರೆ ರಾತ್ರಿಯಾದರೂ ಎದ್ದು ಬರಬೇಕು. ನಮ್ಮಲ್ಲಿ ಸುಗ್ಗಿಯ ಕಣವಿದ್ದಂತೆ. ಊರಿಗೆ ಊರೇ ಆ ಒಂದು ಮೀನಿನ ಮೇಲೆ ನಿಂತಿತ್ತು.

೧೯೬೦ರ ದಶಕದಲ್ಲಿ ಶಬ್ದದ ಅಲೆ ಬಿಟ್ಟು ನೀರಿನೊಳಗಿನ ಮೀನಿನ ಗುಂಪನ್ನು ಪತ್ತೆ ಹಚ್ಚುವ ಯಂತ್ರ ಎಲ್ಲ ಹಡಗುಗಳಿಗೂ ಬಂತು. ಭಾರಿ ಬಲೆಯನ್ನು ಎತ್ತುವ ರಾಟೆ ಬಂತು. ಮೊದಲು ಹತ್ತಾರು ಜನ ಎಳೆಯುತ್ತಿದ್ದ ಬಲೆಯನ್ನು ಈಗ ಯಂತ್ರವೇ ಎಳೆಯಿತು. ಮೀನಿಗೆ ಅಡಗುವ ಜಾಗ ಉಳಿಯಲಿಲ್ಲ. ೧೯೬೦ರ ದಶಕ ಮುಗಿಯುವ ಹೊತ್ತಿಗೆ ನಾರ್ವೆ ಮತ್ತು ಐಸ್‌ಲ್ಯಾಂಡಿನ ನಡುವೆ ಓಡಾಡುತ್ತಿದ್ದ ಹೆರಿಂಗ್ ಸಂತಾನ ಹೆಚ್ಚುಕಡಿಮೆ ನಾಶವಾಯಿತು. ಸಿಗ್ಲುಫ್ಯೋರ್ದುರಿನ ಉಪ್ಪಿನ ಕಟ್ಟೆಗಳು ಬರಿದಾದವು. ದುಡಿಯುವ ಕೈಗಳಿಗೆ ಕೆಲಸವಿಲ್ಲದೆ ಜನ ಊರು ಬಿಟ್ಟರು. ಇಂದು ಅಲ್ಲಿ ಹೆರಿಂಗ್ ಕಾಲದ ನೆನಪಿಗೆ ಒಂದು ವಸ್ತುಸಂಗ್ರಹಾಲಯವಿದೆ. ಬಿತ್ತನೆ ಬೀಜವನ್ನೇ ಕುಟ್ಟಿ ಉಂಡರೆ ಮುಂದಿನ ವರ್ಷ ಏನು ಗತಿ ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ.

ಹಾಗಾದರೆ ಕಾವಲುಗಾರ ಇರಲಿಲ್ಲವೇ? ಇದ್ದ. ೧೯೫೯ರಲ್ಲಿ ಲಂಡನ್ನಿನಲ್ಲಿ ಒಂದು ಒಡಂಬಡಿಕೆಯಾಗಿ, ೧೯೬೩ರಿಂದ ಈಶಾನ್ಯ ಅಟ್ಲಾಂಟಿಕ್ ಮೀನುಗಾರಿಕೆ ಆಯೋಗ ಎಂಬ ಸಂಸ್ಥೆ ಕೆಲಸ ಮಾಡುತ್ತಿತ್ತು. ಬಲೆಯ ಕಣ್ಣು ಎಷ್ಟು ಅಗಲವಿರಬೇಕು, ಎಷ್ಟು ಉದ್ದದ ಮೀನನ್ನು ಬಿಡಬೇಕು ಎಂದು ಅದು ಹೇಳುತ್ತಿತ್ತು. ಆದರೆ ಆಯೋಗದ ಮಾತು ಇಷ್ಟವಾಗದ ದೇಶ "ನನಗೆ ಒಪ್ಪಿಗೆಯಿಲ್ಲ" ಎಂದು ಬರೆದುಕೊಟ್ಟರೆ ಸಾಕು, ಆ ನಿಯಮ ಅದಕ್ಕೆ ತಾಗುತ್ತಿರಲಿಲ್ಲ. ಹೆರಿಂಗ್ ಮೀನನ್ನು ಒಟ್ಟು ಇಷ್ಟೇ ಹಿಡಿಯಬೇಕೆಂಬ ಮಿತಿ ಬಂದದ್ದು ೧೯೭೦ರ ದಶಕದ ನಡುವಿನಲ್ಲಿ. ಊರೆಲ್ಲ ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತು. ೧೯೭೭ರಲ್ಲಿ ಉತ್ತರ ಸಮುದ್ರದ ಹೆರಿಂಗ್ ಹಿಡಿಯುವುದನ್ನೇ ನಿಲ್ಲಿಸಬೇಕಾಯಿತು. ೧೯೮೦ರ ದಶಕದ ಮೊದಲಲ್ಲಿ ಮತ್ತೆ ತೆರೆದರು. ಒಂದು ಮಾತು ಮಾತ್ರ ಸಂತೋಷದ್ದು: ಕೈ ತಡೆದುಕೊಂಡ ಮೇಲೆ ಹೆರಿಂಗ್ ಮತ್ತೆ ಬಂತು. ನಾರ್ವೆಯ ಕಡೆ ೧೯೮೩ರಲ್ಲಿ ಹುಟ್ಟಿದ ಮರಿಗಳು ಚೆನ್ನಾಗಿ ಉಳಿದುಕೊಂಡು ಆ ಸಂತಾನವೂ ಮರಳಿತು.

ಈ ನಡುವೆ ದೇಶಗಳು ತಮ್ಮ ತಮ್ಮ ಬೇಲಿಯನ್ನು ಕಡಲಿನೊಳಕ್ಕೆ ಸರಿಸತೊಡಗಿದ್ದವು. ಐಸ್‌ಲ್ಯಾಂಡ್ ೧೯೫೮ರಲ್ಲಿ ೧೨ ಮೈಲಿ, ೧೯೭೨ರಲ್ಲಿ ೫೦ ಮೈಲಿ, ೧೯೭೫ರಲ್ಲಿ ೨೦೦ ಮೈಲಿ ನನ್ನದು ಎಂದಿತು. ಬ್ರಿಟನ್ನಿನ ಹಡಗುಗಳಿಗೂ ಅದಕ್ಕೂ ಜಟಾಪಟಿಯೇ ನಡೆದು ೧೯೭೬ರಲ್ಲಿ ಮುಗಿಯಿತು. ೧೯೭೭ರಿಂದ ಯೂರೋಪಿನ ಇತರ ದೇಶಗಳೂ ೨೦೦ ಮೈಲಿಯ ಎಲ್ಲೆ ಹಾಕಿಕೊಂಡವು. ಹಾಗಾಗಿ ಮೀನುಗಾರಿಕೆ ಆಯೋಗವನ್ನು ೧೯೮೦ರಲ್ಲಿ ಹೊಸ ಕರಾರಿನೊಡನೆ ಮತ್ತೆ ಕಟ್ಟಬೇಕಾಯಿತು. ೧೯೮೨ರಲ್ಲಿ ಅದು ಜಾರಿಗೆ ಬಂತು. ೨೦೦ ಮೈಲಿಯ ಆಚೆ, ಯಾವ ದೇಶಕ್ಕೂ ಸೇರದ ತೆರೆಗಡಲಿನ ಮೀನುಗಾರಿಕೆ ಅದರ ಮುಖ್ಯ ಕಾವಲಾಯಿತು. ಯಾರಿಗೂ ಸೇರದ ಜಾಗ ಎಂದರೆ ಊರ ಗೋಮಾಳದಂತೆ. ಎಲ್ಲರ ದನವೂ ಮೇಯುತ್ತದೆ, ಬೇಲಿ ಹಾಕಲು ಯಾರೂ ಮುಂದೆ ಬರುವುದಿಲ್ಲ.

ಇದು ಮೊದಲನೆಯ ಕಾವಲುಗಾರನ ಕಥೆ. ಇನ್ನು ಎರಡನೆಯವನ ಕಥೆ ಕೇಳಿ.

೧೯೬೭ರ ಮಾರ್ಚ್ ತಿಂಗಳಲ್ಲಿ ಟೋರಿ ಕ್ಯಾನಿಯನ್ ಎಂಬ ಎಣ್ಣೆ ಹಡಗು ಇಂಗ್ಲೆಂಡಿನ ತೆಂಕಣ ಮೂಲೆಯ ಬಂಡೆಗೆ ಬಡಿಯಿತು. ಅದರಲ್ಲಿ ಒಂದು ಲಕ್ಷ ಟನ್ನಿಗೂ ಹೆಚ್ಚು ಕಚ್ಚಾ ಎಣ್ಣೆ ಇತ್ತು. ಎಣ್ಣೆ ತೀರಕ್ಕೆಲ್ಲ ಬಳಿದು ಹಕ್ಕಿಗಳು ಸಾವಿರಗಟ್ಟಲೆ ಸತ್ತವು. ಅದಾದ ಮೇಲೆ ೧೯೭೧ರ ಜುಲೈನಲ್ಲಿ ಸ್ಟೆಲ್ಲಾ ಮಾರಿಸ್ ಎಂಬ ಹಡಗು ಹಾಲೆಂಡಿನಿಂದ ಹೊರಟಿತು. ಅದರ ಹೊಟ್ಟೆಯಲ್ಲಿ ಕಾರ್ಖಾನೆಯ ವಿಷದ ಕಸ. ಕಡಲಿಗೆ ಸುರಿದು ಬರುವುದೇ ಅದರ ಕೆಲಸ. ಸುದ್ದಿ ಹರಡಿತು. ಸುತ್ತಲಿನ ದೇಶಗಳ ಜನ ಗಲಾಟೆಯೆಬ್ಬಿಸಿದರು. ಕೊನೆಗೆ ಆ ಹಡಗು ಕಸವನ್ನು ಸುರಿಯದೆ ಬಂದರಿಗೆ ಮರಳಬೇಕಾಯಿತು.

ಆ ಗಲಾಟೆಯಿಂದ ಕಾನೂನು ಹುಟ್ಟಿತು. ಕಡಲಿಗೆ ಹಡಗಿನಿಂದ ಕಸ ಸುರಿಯುವುದನ್ನು ತಡೆಯಲು ೧೯೭೨ರಲ್ಲಿ ಆಸ್ಲೋ ನಗರದಲ್ಲಿ ಒಂದು ಕರಾರು, ನೆಲದ ಮೇಲಿನಿಂದ ಹರಿದು ಬರುವ ಕೊಳೆಯನ್ನು ತಡೆಯಲು ೧೯೭೪ರಲ್ಲಿ ಪ್ಯಾರಿಸ್ ನಗರದಲ್ಲಿ ಇನ್ನೊಂದು ಕರಾರು. ೧೯೯೨ರಲ್ಲಿ ಎರಡನ್ನೂ ಕೂಡಿಸಿದರು. ೧೯೯೮ರಲ್ಲಿ ಜಾರಿಗೆ ಬಂತು. ಆಸ್ಲೋ ಮತ್ತು ಪ್ಯಾರಿಸ್ ಎಂಬ ಹೆಸರುಗಳನ್ನು ಬೆಸೆದು ಇದಕ್ಕೆ ಓಸ್ಪಾರ್ ಎಂದು ಕರೆದರು. ಇದರಲ್ಲಿ ೧೫ ದೇಶಗಳೂ ಯೂರೋಪಿಯನ್ ಒಕ್ಕೂಟವೂ ಇವೆ.

ಇಲ್ಲಿ ರೈತರು ಕಿವಿಗೊಟ್ಟು ಕೇಳಬೇಕಾದ ಒಂದು ಮಾತಿದೆ. ಆ ೧೫ ದೇಶಗಳಲ್ಲಿ ಸ್ವಿಟ್ಜರ್ಲೆಂಡ್ ಮತ್ತು ಲಕ್ಸೆಂಬರ್ಗ್ ಎಂಬ ಎರಡು ದೇಶಗಳಿಗೆ ಕಡಲತೀರವೇ ಇಲ್ಲ. ಮತ್ತೆ ಅವರನ್ನೇಕೆ ಸೇರಿಸಿದರು? ಏಕೆಂದರೆ ರೈನ್ ನದಿಯ ನೀರು ಆ ದೇಶಗಳ ಗುಡ್ಡ, ಹೊಲ, ಊರುಗಳಿಂದಲೂ ಕೂಡಿಕೊಂಡು ಉತ್ತರ ಸಮುದ್ರಕ್ಕೆ ಹೋಗುತ್ತದೆ. ಮೇಲಿನವನು ಹಾಕಿದ ಗೊಬ್ಬರ, ಬಿಟ್ಟ ಕೊಳೆ ಕೆಳಗಿನವನ ಕಡಲಿಗೆ ಸೇರುತ್ತದೆ. ಆದ್ದರಿಂದ ಕಡಲನ್ನು ಕಣ್ಣಿಂದ ಕಾಣದವನಿಗೂ ಕಡಲಿನ ಹೊಣೆಯುಂಟು ಎಂದು ಅವರು ಒಪ್ಪಿಕೊಂಡರು.

ಈ ಹೊಣೆ ಬರಿಯ ಮಾತಿನದಲ್ಲ. ಹೊಲದಿಂದ ತೊಳೆದುಹೋದ ಸಾರಜನಕ, ರಂಜಕಗಳು ಕಡಲಿನಲ್ಲೂ ಗೊಬ್ಬರವೇ. ಅಲ್ಲಿ ಅವು ಬೆಳೆಸುವುದು ಪಾಚಿಯನ್ನು. ೧೯೮೮ರಲ್ಲಿ ನಾರ್ವೆ, ಸ್ವೀಡನ್, ಡೆನ್ಮಾರ್ಕುಗಳ ನಡುವಿನ ನೀರಿನಲ್ಲಿ ವಿಷದ ಪಾಚಿ ಹಬ್ಬಿ ಕಡಲಿನ ಜೀವಿಗಳೂ ಪಂಜರದಲ್ಲಿ ಸಾಕಿದ ಮೀನುಗಳೂ ಸತ್ತವು. ಅದರ ಹಿಂದಿನ ವರ್ಷವೇ, ೧೯೮೭ರಲ್ಲಿ, ಉತ್ತರ ಸಮುದ್ರದ ಸುತ್ತಲಿನ ಮಂತ್ರಿಗಳು ಲಂಡನ್ನಿನಲ್ಲಿ ಸೇರಿ, ೧೯೮೫ರಲ್ಲಿ ಎಷ್ಟು ಸಾರಜನಕ, ರಂಜಕ ಕಡಲಿಗೆ ಹೋಗುತ್ತಿತ್ತೋ ಅದನ್ನು ೧೯೯೫ರ ಹೊತ್ತಿಗೆ ಅರ್ಧಕ್ಕೆ ಇಳಿಸಬೇಕೆಂದು ತೀರ್ಮಾನಿಸಿದ್ದರು. ಪಟ್ಟಣದ ಬಚ್ಚಲು ನೀರನ್ನು ಶುದ್ಧಮಾಡಿ, ಸಾಬೂನುಪುಡಿಯ ರಂಜಕ ಕಡಿಮೆ ಮಾಡಿ ರಂಜಕವನ್ನು ಬಹುಮಟ್ಟಿಗೆ ಇಳಿಸಿದರು. ಸಾರಜನಕದಲ್ಲಿ ಆ ಗುರಿ ಮುಟ್ಟಲಿಲ್ಲ. ಕಾರ್ಖಾನೆಯ ಕೊಳವೆಗೆ ಬಿರಡೆ ಹಾಕಬಹುದು, ಲಕ್ಷಾಂತರ ಹೊಲಗಳಿಂದ ಜಿನುಗುವ ಗೊಬ್ಬರಕ್ಕೆ ಎಲ್ಲಿ ಬಿರಡೆ ಹಾಕುತ್ತೀರಿ? ಅದು ರೈತನ ಕೈಯಲ್ಲೇ ಆಗಬೇಕಾದ ಕೆಲಸ.

ಸರಿ, ಈಗ ಇಬ್ಬರು ಕಾವಲುಗಾರರಾದರು. ಆದರೆ ತೊಡಕು ಎಲ್ಲಿತ್ತು ಗೊತ್ತೇ? ಓಸ್ಪಾರ್ ಆಯೋಗ ಕಡಲಿನ ಎಲ್ಲ ಜೀವಿಗಳನ್ನೂ ಅವುಗಳ ನೆಲೆಗಳನ್ನೂ ಕಾಪಾಡಬಹುದು ಎಂದು ೧೯೯೮ರಲ್ಲಿ ಪೋರ್ಚುಗಲ್ಲಿನ ಸಿಂಟ್ರಾದಲ್ಲಿ ತೀರ್ಮಾನವಾಯಿತು. ಆದರೆ ಮೀನು ಹಿಡಿಯುವ ವಿಷಯಕ್ಕೆ ಮಾತ್ರ ಅದು ಕೈಹಾಕುವಂತಿಲ್ಲ. ಏನಾದರೂ ಕಂಡರೆ ಮೀನುಗಾರಿಕೆಯವರಿಗೆ ತಿಳಿಸಬೇಕು, ಅಷ್ಟೇ. ಮೀನುಗಾರಿಕೆ ಆಯೋಗ ಬಲೆಯನ್ನು ತಡೆಯಬಹುದು, ಆದರೆ ಕೊಳೆಯನ್ನು, ಎಣ್ಣೆಯನ್ನು ತಡೆಯಲಾರದು. ಅದಲ್ಲದೆ ಇಬ್ಬರ ಸದಸ್ಯರೂ ಒಂದೇ ಅಲ್ಲ. ರಷ್ಯ ಮೀನಿನ ಆಯೋಗದಲ್ಲಿದೆ, ಓಸ್ಪಾರಿನಲ್ಲಿಲ್ಲ. ಹೀಗಾಗಿ ಒಬ್ಬರ ಮನೆಯ ವಿಚಾರಕ್ಕೆ ಇನ್ನೊಬ್ಬರು ಬರುತ್ತಾರೆ ಎಂಬ ಅನುಮಾನ ಬೇರೆ.

ಆದರೆ ಕಡಲಿಗೆ ಈ ಇಲಾಖೆಯ ಗೆರೆಗಳು ಗೊತ್ತಿಲ್ಲ. ಹೆರಿಂಗ್ ಮೀನು ತನ್ನ ಮೊಟ್ಟೆಯನ್ನು ನೀರಿನಲ್ಲಿ ತೇಲಿಬಿಡುವುದಿಲ್ಲ. ತಳದ ಜಲ್ಲಿಯ ಮೇಲೆ ಅಂಟಿಸುತ್ತದೆ. ಜಲ್ಲಿ ಹಾಳಾದರೆ ಹೆರಿಂಗ್ ಎಲ್ಲಿಂದ ಬರಬೇಕು? ಹೆರಿಂಗ್ ಇಲ್ಲದಿದ್ದರೆ ಅದನ್ನೇ ತಿನ್ನುವ ಕಾಡ್ ಮೀನು, ತಿಮಿಂಗಿಲ, ಕಡಲಹಕ್ಕಿಗಳ ಗತಿಯೇನು? ಒಂದು ಜಾತಿಯ ಮೀನನ್ನು ಮಾತ್ರ ಎಣಿಸುತ್ತಾ ಕೂತರೆ ಸಾಲದು. ಅದರ ಆಹಾರ, ಅದರ ವೈರಿ, ಅದು ಇರುವ ನೆಲ, ಅದು ಉಸಿರಾಡುವ ನೀರು ಇವೆಲ್ಲವನ್ನೂ ಒಂದೇ ಸಂಸಾರವೆಂದು ಕಂಡು ನಡೆಸಬೇಕು. ಇದಕ್ಕೇ ಪರಿಸರ ವ್ಯವಸ್ಥೆಯ ಆಧಾರದ ಮೀನುಗಾರಿಕೆ ಎಂದು ಹೆಸರು. ಹೆಸರು ಉದ್ದ, ಆದರೆ ವಿಷಯ ನಿಮಗೆ ಹೊಸದಲ್ಲ. ಭೂಮಿ, ದನ, ಗೊಬ್ಬರ, ಬೆಳೆ, ಬೇಲಿಯ ಮರ ಒಂದನ್ನು ಬಿಟ್ಟು ಒಂದಿಲ್ಲ ಎಂದು ತಿಳಿದೇ ನಮ್ಮ ಹಿರಿಯರು ಬೇಸಾಯ ಮಾಡಿದ್ದು.

ತೀರದ ಮೀನು ಕಡಿಮೆಯಾದಂತೆ ಹಡಗುಗಳು ಆಳದ ಕಡಲಿಗೆ ಇಳಿದವು. ಅಟ್ಲಾಂಟಿಕ್ ಸಾಗರದ ನಟ್ಟನಡುವೆ, ನೀರಿನೊಳಗೆ, ಉತ್ತರದಿಂದ ದಕ್ಷಿಣಕ್ಕೆ ಒಂದು ಬೆಟ್ಟಸಾಲು ಇದೆ. ನಮ್ಮ ಸಹ್ಯಾದ್ರಿ ನೀರಿನಲ್ಲಿ ಮುಳುಗಿದ್ದರೆ ಹೇಗಿರುತ್ತಿತ್ತೋ ಹಾಗೆಂದು ಎಣಿಸಿಕೊಳ್ಳಿ. ಆದರೆ ಅದಕ್ಕಿಂತ ಎಷ್ಟೋ ಪಾಲು ದೊಡ್ಡದು. ಅದರ ಶಿಖರಗಳ ಮೇಲೆ ತಣ್ಣೀರಿನ ಹವಳ, ಸ್ಪಂಜುಗಳ ತೋಟಗಳಿವೆ. ಈ ಹವಳ ಬಹಳ ನಿಧಾನವಾಗಿ ಬೆಳೆಯುತ್ತಾ, ದಿಬ್ಬವಾಗಲು ಸಾವಿರಾರು ವರ್ಷ ಹಿಡಿದಿದೆ. ಅಲ್ಲಿನ ಆರೆಂಜ್ ರಫಿ ಎಂಬ ಮೀನು ನೂರು ವರ್ಷಕ್ಕೂ ಮಿಕ್ಕಿ ಬದುಕಬಲ್ಲದು. ಮೊಟ್ಟೆಯಿಡುವ ಪ್ರಾಯಕ್ಕೆ ಬರಲು ಇಪ್ಪತ್ತು ಮೂವತ್ತು ವರ್ಷ ಬೇಕು. ೧೯೯೦ರ ದಶಕದಲ್ಲಿ ಟ್ರಾಲ್ ಹಡಗುಗಳು ಇಂಥ ಮೀನಿನ ಬೆನ್ನು ಹತ್ತಿದವು. ಸಾವಿರ ವರ್ಷದ ಹವಳವನ್ನು ಒಂದು ಬಲೆ ಒಂದೇ ಹೊತ್ತಿನಲ್ಲಿ ಪುಡಿಮಾಡಬಲ್ಲದು. ತೆಂಗಿನ ತೋಟವನ್ನೇ ಉರುಳಿಸಿ ಎರಡು ಎಳನೀರು ಕಿತ್ತುಕೊಂಡಂತೆ.

ಇದನ್ನು ಕಂಡು ಇಬ್ಬರು ಕಾವಲುಗಾರರಿಗೂ ಎಚ್ಚರವಾಯಿತು. ಮೀನುಗಾರಿಕೆ ಆಯೋಗ ೨೦೦೪ರಲ್ಲಿ ಕೆಲವು ಜಲಬೆಟ್ಟಗಳ ಮೇಲೆ ತಳದ ಬಲೆಯನ್ನು ನಿಷೇಧಿಸಿತು. ಕಡಲಿನ ಇತರ ಜೀವಿಗಳನ್ನೂ ಗಮನದಲ್ಲಿಟ್ಟು ನಡೆಯಬೇಕೆಂದು ೨೦೦೪ ಮತ್ತು ೨೦೦೬ರಲ್ಲಿ ತನ್ನ ಕರಾರನ್ನೇ ತಿದ್ದಿಕೊಂಡಿತು. ೨೦೦೬ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯೂ ಇದನ್ನೇ ಹೇಳಿತು: ೨೦೦೮ರ ಕೊನೆಯೊಳಗೆ ನಿಮ್ಮ ನಿಮ್ಮ ಕಡಲಿನ ನಾಜೂಕು ತಾಣಗಳನ್ನು ತಳದ ಬಲೆಯಿಂದ ಕಾಪಾಡಿ ಎಂದು ಎಲ್ಲ ಪ್ರಾದೇಶಿಕ ಮೀನುಗಾರಿಕೆ ಸಂಸ್ಥೆಗಳಿಗೂ ಕರೆ ಕೊಟ್ಟಿತು. ೨೦೦೯ರಲ್ಲಿ ಆಯೋಗ ನಡುಸಾಗರದ ಬೆಟ್ಟಸಾಲಿನ ಐದು ವಿಶಾಲ ಭಾಗಗಳನ್ನು ತಳದ ಬಲೆಗೆ ಮುಚ್ಚಿತು.

ಅತ್ತ ಓಸ್ಪಾರ್ ಕೂಡ ಅದೇ ಬೆಟ್ಟಸಾಲಿನ ನಕ್ಷೆ ಹಿಡಿದು ಕೂತಿತ್ತು. ಇಬ್ಬರೂ ಬೇರೆ ಬೇರೆ ಗೆರೆ ಎಳೆದರೆ ಆಗುವುದೇನು? ಹಾಗಾಗಿ ೨೦೦೮ರಲ್ಲಿ ಇಬ್ಬರೂ ಒಂದು ತಿಳುವಳಿಕೆಯ ಪತ್ರಕ್ಕೆ ಸಹಿ ಹಾಕಿದರು. ನಿನ್ನ ಲೆಕ್ಕ ನನಗೆ ಕೊಡು, ನನ್ನ ಲೆಕ್ಕ ನಿನಗೆ ಕೊಡುತ್ತೇನೆ. ನಿನ್ನ ಸಭೆಗೆ ನಾನು ಬರುತ್ತೇನೆ, ನನ್ನ ಸಭೆಗೆ ನೀನು ಬಾ. ಇಷ್ಟೇ ಅದರ ತಿರುಳು. ೨೦೧೦ರಲ್ಲಿ ಪೋರ್ಚುಗಲ್ಲಿಗೆ ಸೇರಿದ ಮಡೀರ ದ್ವೀಪದಲ್ಲಿ ಇನ್ನೂ ಕೆಲವು ಸಂಸ್ಥೆಗಳ ಜೊತೆ ಕೂತು ಮಾತಾಡಿದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ನಾರ್ವೆಯ ಬೆರ್ಗೆನ್ ನಗರದಲ್ಲಿ ಓಸ್ಪಾರ್ ಮಂತ್ರಿಗಳು ತೆರೆಗಡಲಿನಲ್ಲಿ ಆರು ರಕ್ಷಿತ ಪ್ರದೇಶಗಳನ್ನು ಘೋಷಿಸಿದರು. ಅವುಗಳ ವಿಸ್ತಾರ ಸುಮಾರು ೨ ಲಕ್ಷ ೮೬ ಸಾವಿರ ಚದರ ಕಿಲೋಮೀಟರು. ನಮ್ಮ ಕರ್ನಾಟಕ ರಾಜ್ಯದ ಒಂದೂವರೆಯಷ್ಟು! ಅವು ಮೀನುಗಾರಿಕೆ ಆಯೋಗ ಮುಚ್ಚಿದ ಜಾಗಗಳೊಡನೆ ಬಹಳ ಮಟ್ಟಿಗೆ ಹೊಂದುತ್ತವೆ, ಪೂರ್ತಿಯಾಗಿ ಅಲ್ಲ.

೨೦೧೪ರಲ್ಲಿ ಇಬ್ಬರೂ ಇನ್ನೊಂದು ಹೆಜ್ಜೆ ಮುಂದಿಟ್ಟು ಒಂದು ಸಾಮೂಹಿಕ ಏರ್ಪಾಟಿಗೆ ಒಪ್ಪಿದರು. ಅದರಲ್ಲಿ ಯಾರ ಅಧಿಕಾರವನ್ನೂ ಯಾರೂ ಕಿತ್ತುಕೊಳ್ಳಲಿಲ್ಲ. ಬಲೆಯ ವಿಚಾರ ಮೀನಿನ ಆಯೋಗದ್ದೇ, ಉಳಿದ ಜೀವಿಗಳ ವಿಚಾರ ಓಸ್ಪಾರಿನದೇ. ಆದರೆ ಒಂದೇ ಪಟ್ಟಿ ಇಟ್ಟುಕೊಂಡು, ಯಾವ ಜಾಗಕ್ಕೆ ಯಾರು ಏನು ಕಾವಲು ಹಾಕಿದ್ದಾರೆಂದು ಬರೆದು, ವರ್ಷಕ್ಕೊಮ್ಮೆ ಸೇರಿ ಒಪ್ಪಿಸಬೇಕು. ವಿಜ್ಞಾನದ ಸಲಹೆಯನ್ನು ಇಬ್ಬರೂ ೧೯೦೨ರ ಆ ಹಳೆಯ ಮಂಡಲಿಯಿಂದಲೇ ಪಡೆಯುತ್ತಾರೆ. ಹಾಗಾಗಿ ಲೆಕ್ಕದ ಜಗಳಕ್ಕೆ ಎಡೆ ಕಡಿಮೆ.

ಮೀನುಗಾರಿಕೆ ಆಯೋಗದ ಒಂದು ನಿಯಮ ಹೇಳುತ್ತೇನೆ, ಎಷ್ಟು ಸರಳ ನೋಡಿ. ತಳದ ಬಲೆ ಎತ್ತಿದಾಗ ಅದರಲ್ಲಿ ೩೦ ಕಿಲೋಗಿಂತ ಹೆಚ್ಚು ಜೀವಂತ ಹವಳವೋ ೪೦೦ ಕಿಲೋಗಿಂತ ಹೆಚ್ಚು ಸ್ಪಂಜೋ ಬಂದರೆ, ಹಡಗು ಅಲ್ಲಿ ಬಲೆ ಹಾಕುವುದನ್ನು ನಿಲ್ಲಿಸಿ ಎರಡು ಕಡಲಮೈಲಿಯಾದರೂ ದೂರ ಸರಿಯಬೇಕು. ವಿಷಯವನ್ನು ವರದಿ ಮಾಡಬೇಕು. ಎಲ್ಲರಿಗೂ ಅರ್ಥವಾಗುವ, ತೂಕ ಹಾಕಿ ನೋಡಬಹುದಾದ ನಿಯಮ.

ಎಲ್ಲವೂ ಸರಿಹೋಯಿತು ಎಂದು ನಾನು ಹೇಳಿದರೆ ಅದು ಸುಳ್ಳಾದೀತು. ಕಡಲತಳದ ಗಣಿಗಾರಿಕೆಯ ಸಂಸ್ಥೆ, ಹಡಗು ಸಾಗಾಟದ ಸಂಸ್ಥೆಗಳನ್ನೂ ಈ ಏರ್ಪಾಟಿಗೆ ಕರೆದರು; ಅವು ಮಾತಿಗೆ ಬಂದವು, ಸಹಿಗೆ ಬರಲಿಲ್ಲ. ಇನ್ನು ಹಂಚಿಕೆಯ ಜಗಳ. ನೀರು ಬಿಸಿಯಾದಂತೆ, ಆಹಾರವನ್ನು ಅರಸಿ, ಬಂಗುಡೆಯ ಬಳಗದ ಮ್ಯಾಕರೆಲ್ ಮೀನು ಐಸ್‌ಲ್ಯಾಂಡಿನ ಕಡೆಗೆ ಸರಿಯಿತು. ಮೊದಲು ಅಲ್ಲಿ ಇಲ್ಲವೆನ್ನುವಷ್ಟಿದ್ದ ಹಿಡಿತ ೨೦೦೮ರ ಹೊತ್ತಿಗೆ ಒಂದು ಲಕ್ಷ ಟನ್ ದಾಟಿತು. "ಮೀನು ನನ್ನ ಅಂಗಳಕ್ಕೆ ಬಂದಿದೆ, ನನಗೂ ಪಾಲು ಕೊಡಿ" ಎಂದು ಇವರು. "ಹಿಂದಿನಿಂದ ಹಿಡಿದವರು ನಾವು" ಎಂದು ಅವರು. ಒಟ್ಟು ಎಷ್ಟು ಹಿಡಿಯಬೇಕೆಂಬ ವಿಜ್ಞಾನದ ಸಲಹೆಗೆ ಎಲ್ಲರೂ ತಲೆದೂಗಿದರು, ಆದರೆ ಪಾಲು ಒಪ್ಪದೆ ತಂತಮ್ಮ ಲೆಕ್ಕ ತಾವೇ ಬರೆದುಕೊಂಡರು. ಕೂಡಿಸಿ ನೋಡಿದರೆ ಸಲಹೆಗಿಂತ ಹೆಚ್ಚು! ೨೦೧೯ರಲ್ಲಿ ಆ ಮೀನಿಗಿದ್ದ ಒಳ್ಳೆಯ ನಿರ್ವಹಣೆಯ ಮುದ್ರೆಯನ್ನೂ ತಡೆಹಿಡಿದರು. ಯಾರಿಗೂ ಹೆಚ್ಚು ಲಾಭವಿಲ್ಲದ ದೂರದ ಹವಳವನ್ನು ಕಾಯಲು ಒಪ್ಪುವುದು ಸುಲಭ. ತಟ್ಟೆಯಲ್ಲಿರುವ ಮೀನನ್ನು ಹಂಚಿಕೊಳ್ಳುವುದು ಕಷ್ಟ. ಇದು ಮನುಷ್ಯನ ಸ್ವಭಾವ, ಅಣ್ಣತಮ್ಮಂದಿರ ಪಾಲುಪಾರೀಕತ್ತಿನಲ್ಲಿ ನಾವೂ ಕಂಡದ್ದೇ.

ಆದರೂ ಕೆಲಸ ನಿಂತಿಲ್ಲ. ೨೦೨೧ರಲ್ಲಿ ಓಸ್ಪಾರ್ ಕಡಲಹಕ್ಕಿಗಳಿಗೆಂದು ಸುಮಾರು ೬ ಲಕ್ಷ ಚದರ ಕಿಲೋಮೀಟರಿನ ಇನ್ನೊಂದು ತೆರೆಗಡಲ ಪ್ರದೇಶವನ್ನು ರಕ್ಷಿತವೆಂದು ಸಾರಿತು. ಅದು ಮೂರು ಕರ್ನಾಟಕದಷ್ಟು. ೨೦೨೩ರ ಜೂನ್ ತಿಂಗಳಲ್ಲಿ ವಿಶ್ವಸಂಸ್ಥೆಯಲ್ಲಿ ಇಡೀ ಲೋಕದ ತೆರೆಗಡಲುಗಳ ಜೀವರಾಶಿಗಾಗಿ ಒಂದು ಒಪ್ಪಂದವಾಯಿತು. ಭಾರತವೂ ೨೦೨೪ರ ಸೆಪ್ಟೆಂಬರಿನಲ್ಲಿ ಅದಕ್ಕೆ ಸಹಿ ಹಾಕಿದೆ. ಬೇರೆ ಬೇರೆ ಸಂಸ್ಥೆಗಳು ಒಂದಾಗಿ ಕೂತು ಕಡಲು ಕಾಯಬೇಕೆಂಬುದು ಅದರ ಒಂದು ಮುಖ್ಯ ಮಾತು.

ಇನ್ನು ನಮ್ಮ ಮನೆಯ ಕಡೆ ತಿರುಗೋಣ. ನಮ್ಮ ಕರಾವಳಿಯಲ್ಲಿ ರಂಪಣಿ ಎಂಬ ಭಾರಿ ಬಲೆ ಇತ್ತು. ಊರಿನವರೆಲ್ಲ ಸೇರಿ ದಡಕ್ಕೆ ಎಳೆದು, ಬಂದ ಬೂತಾಯಿ ಬಂಗುಡೆಯನ್ನು ಹಂಚಿಕೊಳ್ಳುತ್ತಿದ್ದರು. ೧೯೭೦ರ ದಶಕದಲ್ಲಿ ಯಂತ್ರದ ದೋಣಿಗಳ ಸುತ್ತುಬಲೆ ಬಂದು ರಂಪಣಿ ಮೂಲೆಗೆ ಸೇರಿತು. ಇಂದು ಮೀನು ಮರಿಮಾಡುವ ಮಳೆಗಾಲದಲ್ಲಿ, ಜೂನ್ ೧ರಿಂದ ಜುಲೈ ೩೧ರವರೆಗೆ, ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ಪಶ್ಚಿಮ ಕರಾವಳಿಯಲ್ಲಿ ತಡೆಯಿದೆ. ಇದು ಒಂದು ರಾಜ್ಯ ಮಾಡಿದರೆ ಸಾಲದು. ಬೂತಾಯಿಗೆ ಕೇರಳ, ಕರ್ನಾಟಕ, ಗೋವ ಎಂಬ ಎಲ್ಲೆ ಗೊತ್ತಿಲ್ಲ. ಪೂರ್ವದ ಕಡೆ ಬಂಗಾಳ ಕೊಲ್ಲಿಯ ಮೀನುಗಾರಿಕೆಗಾಗಿ ಭಾರತ, ಬಾಂಗ್ಲಾದೇಶ, ಶ್ರೀಲಂಕಾ, ಮಾಲ್ಡೀವ್ಸ್ ದೇಶಗಳು ೨೦೦೩ರಲ್ಲಿ ಕಟ್ಟಿಕೊಂಡ ಸಂಸ್ಥೆಯ ಕಚೇರಿ ಚೆನ್ನೈಯಲ್ಲಿದೆ.

"ನಮ್ಮದು ಬಯಲುಸೀಮೆ, ಕಡಲನ್ನು ಪಟದಲ್ಲಿ ಮಾತ್ರ ಕಂಡಿದ್ದೇವೆ" ಎನ್ನುವವರೂ ಸ್ವಿಟ್ಜರ್ಲೆಂಡಿನ ರೈತನನ್ನು ನೆನೆಸಿಕೊಳ್ಳಿ. ಮಂಡ್ಯದ ಗದ್ದೆಯ ಬಸಿನೀರು ಕಾವೇರಿಗೆ, ರಾಯಚೂರಿನ ಗದ್ದೆಯ ಬಸಿನೀರು ಕೃಷ್ಣೆಗೆ. ಎರಡೂ ಬಂಗಾಳ ಕೊಲ್ಲಿಗೆ. ಮಲೆನಾಡಿನ ಇಳಿಜಾರಿನದು ಶರಾವತಿ, ನೇತ್ರಾವತಿಗಳ ಮೂಲಕ ಅರಬ್ಬೀ ಸಮುದ್ರಕ್ಕೆ. ಸಂತೆಯಲ್ಲಿ ನೀವು ಕೊಳ್ಳುವ ಒಣಮೀನು ಬರುವುದೂ ಅಲ್ಲಿಂದಲೇ.

ಆದ್ದರಿಂದ ಇಷ್ಟು ಮಾಡಿ. ಮಣ್ಣು ಪರೀಕ್ಷೆ ಮಾಡಿಸಿ, ಬೆಳೆಗೆ ಬೇಕಾದಷ್ಟೇ ಗೊಬ್ಬರ ಹಾಕಿ. ಮಳೆ ಮೋಡ ಕವಿದಾಗ ಯೂರಿಯಾ ಚೆಲ್ಲಬೇಡಿ, ಅದು ನಿಮ್ಮ ದುಡ್ಡೂ ಹೌದು, ಹಳ್ಳದ ವಿಷವೂ ಹೌದು. ಔಷಧಿಯ ಡಬ್ಬಿಯನ್ನು ಕೆರೆಯಲ್ಲಿ ತೊಳೆಯಬೇಡಿ. ಮಳೆಗಾಲದ ಮೊದಲ ನೀರಿಗೆ ಎದುರೇರಿ ಬರುವ ಮೊಟ್ಟೆಮೀನನ್ನು ಹಿಡಿಯಬೇಡಿ. ಎಲ್ಲಕ್ಕಿಂತ ಮುಖ್ಯ, ನಿಮ್ಮೂರ ಕೆರೆಯ ಸಭೆಗೆ ನೀರುಗ್ರಾಹಕರನ್ನೂ ಮೀನಿನ ಗುತ್ತಿಗೆದಾರನನ್ನೂ ದನ ಮೇಯಿಸುವವರನ್ನೂ ಒಟ್ಟಿಗೆ ಕರೆಯಿರಿ. ತಳದಲ್ಲಿ ಎಷ್ಟು ನೀರು ಉಳಿಯಬೇಕು, ಯಾವಾಗ ಬಲೆ ಇಳಿಯಬೇಕು ಎಂದು ಒಂದೇ ಪುಸ್ತಕದಲ್ಲಿ ಬರೆದಿಡಿ. ವರ್ಷಕ್ಕೊಮ್ಮೆ ಎಲ್ಲರೂ ಕೂತು ಓದಿ.

ಲಂಡನ್ನಿನ ಒಂದೇ ಪಟ್ಟಣದಲ್ಲಿದ್ದ ಎರಡು ಕಚೇರಿಗಳಿಗೆ ಕೂತು ಮಾತಾಡುವುದನ್ನು ಕಲಿಯಲು ಎಷ್ಟೋ ವರ್ಷ ಬೇಕಾಯಿತು. ಅಷ್ಟರಲ್ಲಿ ಎಷ್ಟೋ ಮೀನು, ಎಷ್ಟೋ ಹವಳ, ಎಷ್ಟೋ ಊರಿನ ಅನ್ನ ಹೋಗಿತ್ತು. ನಿಮ್ಮ ಕೆರೆಯ ಏರಿಯ ಮೇಲೆ ಅಷ್ಟು ಕಾಲ ಕಾಯಬೇಕಾಗಿಲ್ಲ. ಬರುವ ಅಮಾವಾಸ್ಯೆಯ ದಿನ ನೇಗಿಲಿಗೆ ಬಿಡುವಿದ್ದಾಗ ಅರಳಿಕಟ್ಟೆಯ ಮೇಲೆ ಒಂದು ಘಳಿಗೆ ಸೇರಿದರೆ ಆಯಿತು.